ಕಡಲಿಲ್ಲದ ಬೀದರಿನಲ್ಲಿ ಹಡಗುಗಳ ವ್ಯಾಜ್ಯ

1494ರ ಸುಮಾರಿಗೆ ಬೀದರಿನ ಬಹಮನಿ ಸುಲ್ತಾನ ಮಹಮೂದ್ ಶಾ ದಂಡು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ. ಗುಜರಾತಿನ ವರ್ತಕರ ಇಪ್ಪತ್ತರಷ್ಟು ಹಡಗುಗಳನ್ನು ಅವನದೇ ರಾಜ್ಯದ ಸರದಾರನೊಬ್ಬ ಕಡಲಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಅವನ್ನು ಬಿಡಿಸಿ ಒಡೆಯರಿಗೆ ಮುಟ್ಟಿಸುವ ಹೊಣೆ ಬೀದರಿನ ಸಿಂಹಾಸನದ ಮೇಲೆ ಬಿದ್ದಿತ್ತು. ಕೊಂಕಣ ಕರಾವಳಿಯ ದಾಭೋಳದ ಬಂದರಿಗೂ ಬೀದರಿಗೂ ನೆಟ್ಟಗೆ ಗೆರೆ ಎಳೆದರೂ 450 ಕಿ.ಮೀ.ಗೆ ಕಡಿಮೆಯಿಲ್ಲ. ನಡುವೆ ಸಹ್ಯಾದ್ರಿಯ ಘಟ್ಟ ಬೇರೆ.

ನಾನು ಹೊನ್ನಾವರದ ಕಡೆಯವನು. ಕಡಲ್ಗಳ್ಳರ ಕಥೆಗಳನ್ನು ಶರಾವತಿಯ ಅಳಿವೆಯ ದಂಡೆಯಲ್ಲೇ ಕೇಳಿ ಬೆಳೆದವನು. ಆ ಕಥೆಗಳ ಇನ್ನೊಂದು ತುದಿ ರಾಜ್ಯದ ತುತ್ತತುದಿಯ ಕೆಂಪು ಮುರಕಲ್ಲಿನ ಗುಡ್ಡದ ಮೇಲಿದೆ ಎಂದು ಓದಿ ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದೆ. ಬೀದರ್ ನಿಲ್ದಾಣದಲ್ಲಿ ಸಿಕ್ಕ ಆಟೋದವರಿಗೆ ಬಂದ ಕೆಲಸ ಹೇಳಿದೆ. ಅವರು ಹೊರಳಿ ನೋಡಿ, "ಯಾಕ್ರಿ ಸರ, ಬೀದರಕ್ಕ ಸಮುದ್ರ ಎಲ್ಲಿಂದ ಬರ್ತದ?" ಎಂದರು. ಕೋಟೆ ಮುಟ್ಟುವವರೆಗೂ ಅವರಿಗೆ ಕಥೆ ಹೇಳುತ್ತಲೇ ಹೋದೆ.

ಕೋಟೆಯ ತೆಂಕಣ ಬದಿಯಲ್ಲಿ ಮೂರು ಸಾಲಿನ ಕಂದಕ. ಒಂದೇ ಮುರಕಲ್ಲಿನ ಹಾಸನ್ನು ಕಡಿಯುತ್ತ ಹೋಗಿ, ನಡುನಡುವೆ ಕಲ್ಲಿನ ಗೋಡೆಗಳನ್ನು ಹಾಗೆಯೇ ಉಳಿಸಿ ಮಾಡಿದ್ದು. ದಾಟಿ ಒಳಗೆ ಹೋದರೆ ಶರ್ಜಾ ದರ್ವಾಜಾ, ನೆತ್ತಿಯ ಮೇಲೆ ಎರಡು ಹುಲಿಗಳ ಉಬ್ಬುಚಿತ್ರ. ಈ ಬಾಗಿಲನ್ನು 1503ರಲ್ಲಿ ಕಟ್ಟಿಸಿದವನು ಅದೇ ಮಹಮೂದ್ ಶಾ. ಹನ್ನೆರಡರ ಹುಡುಗ 1482ರಲ್ಲಿ ಪಟ್ಟಕ್ಕೆ ಬಂದು 36 ವರ್ಷ ಸುಲ್ತಾನ ಎನ್ನಿಸಿಕೊಂಡ. ಅಷ್ಟೂ ಕಾಲದಲ್ಲಿ ಒಂದೊಂದೇ ಪ್ರಾಂತ ಕೈಬಿಟ್ಟು ಹೋಯಿತು. ಇತಿಹಾಸದ ಪುಸ್ತಕಗಳು ಅವನನ್ನು ಕೈಲಾಗದವನೆಂದು ಎರಡು ಸಾಲಿನಲ್ಲಿ ಮುಗಿಸುತ್ತವೆ. ಹಡಗುಗಳ ಪ್ರಕರಣ ಆ ಎರಡು ಸಾಲಿನಲ್ಲಿ ಸೇರುವುದೇ ಇಲ್ಲ. ನನಗೆ ಅದು ಅನ್ಯಾಯವೆನ್ನಿಸುತ್ತದೆ.

ಇದೇ ಕೋಟೆಯನ್ನು 1470ರ ಆಸುಪಾಸಿನಲ್ಲಿ ಒಬ್ಬ ರಷ್ಯನ್ ವರ್ತಕ ಕಣ್ಣರಳಿಸಿ ನೋಡಿದ್ದ. ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್. ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ನೂರು ಕರಣಿಕರು, ಒಳಹೋದವರನ್ನೂ ಹೊರಬಂದವರನ್ನೂ ಬರೆದಿಡುತ್ತಾರೆ ಎಂದು ದಾಖಲಿಸಿದ. ಅವನು ಇಲ್ಲಿಯವರೆಗೆ ಬಂದದ್ದೇ ದರೋಡೆಯ ದೆಸೆಯಿಂದ. ಊರು ಬಿಟ್ಟು ವೋಲ್ಗಾ ನದಿಯಲ್ಲಿ ಇಳಿದು ಬರುವಾಗ ಅಸ್ತ್ರಾಖಾನಿನ ತಾತಾರರು ಹಡಗುಗಳನ್ನು ಅಡ್ಡಗಟ್ಟಿ ಅವನ ಸರಕನ್ನೆಲ್ಲ ದೋಚಿದರು. ಮುಂದೆ ಕ್ಯಾಸ್ಪಿಯನ್ ಸಮುದ್ರದಲ್ಲಿ ಬಿರುಗಾಳಿಗೆ ಒಂದು ಹಡಗು ದಡಕ್ಕೆ ಬಡಿಯಿತು. ಅದರಲ್ಲಿದ್ದ ಜನರನ್ನು ಅಲ್ಲಿಯ ಕೈತಾಕರು ಹಿಡಿದುಕೊಂಡರು. ಶಿರ್ವಾನಿನ ದೊರೆ ನಡುವೆ ಬಿದ್ದು ಮಾತಾಡಿದ ಮೇಲೆ ಜನ ಬಿಡುಗಡೆಯಾದರು, ಸರಕು ಮಾತ್ರ ಹೋದದ್ದು ಹೋದದ್ದೇ. ಸಾಲದ ಸರಕು ಕಳೆದುಕೊಂಡು ಊರಿಗೆ ಹೋಗಲು ಮುಖವಿಲ್ಲದೆ ನಿಕಿತಿನ್ ಮುಂದೆ ಮುಂದೆ ಸಾಗಿದ. ಹೊರ್ಮುಜ್‌ನಲ್ಲಿ ಒಂದು ಗಂಡುಕುದುರೆ ಕೊಂಡು ಹಡಗು ಹತ್ತಿದವನು ಚೌಲ್ ಬಂದರಿನಲ್ಲಿ ಇಳಿದ.

ಆ ಕುದುರೆಯೂ ಕೈತಪ್ಪಿತ್ತು. ಜುನ್ನರಿನ ಅಸದ್ ಖಾನ್ ಅದನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯ ಜೊತೆ ಸಾವಿರ ಹೊನ್ನು ಕೊಡುತ್ತೇನೆ, ಇಲ್ಲವಾದರೆ ಕುದುರೆಯೂ ನನ್ನದು, ಮೇಲೆ ಸಾವಿರ ಹೊನ್ನು ದಂಡ ಎಂದು ನಾಲ್ಕು ದಿನದ ಗಡುವು ಕೊಟ್ಟ. ಖೊರಾಸಾನಿನ ಖ್ವಾಜಾ ಒಬ್ಬ ಸಮಯಕ್ಕೆ ಬಂದು ಹೇಳಿ ಬಿಡಿಸಿದ. ನಿಕಿತಿನ್ ಕೊನೆಗೆ ಅದನ್ನು ಬೀದರಿನಲ್ಲಿ ಮಾರಿದ. ಆ ಕಾಲದ ವರ್ತಕನ ಬದುಕೆಲ್ಲ ಹೀಗೇ. ಹಿಡಿಯುವವನು ಹಿಡಿಯುತ್ತಿದ್ದ. ಬಿಡಿಸುವ ಶಕ್ತಿಯುಳ್ಳವನ ಮನೆಬಾಗಿಲು ಎಲ್ಲಿದೆ ಎಂದು ಗೊತ್ತಿರುವುದೇ ವರ್ತಕನ ಬಂಡವಾಳ. ಪಶ್ಚಿಮ ಕಡಲಿನ ಬಹುಪಾಲಿಗೆ ಆ ಬಾಗಿಲು ಬೀದರಿನಲ್ಲಿತ್ತು.

ಅದು ಯಾಕೆ ಇಲ್ಲಿತ್ತು ಎಂಬುದಕ್ಕೆ ಉತ್ತರ ಕೋಟೆಯಿಂದ ಹೊರಬಿದ್ದು ಚೌಬಾರಾ ಗೋಪುರದ ಕಡೆ ನಡೆದರೆ ಸಿಗುತ್ತದೆ. ಮಹಮೂದ್ ಗವಾನನ ಮದರಸಾ. 1472ರಲ್ಲಿ ಮುಗಿದ ಕಟ್ಟಡ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಹಾರಿಹೋಯಿತು. ಉಳಿದ ಒಂಟಿ ಮಿನಾರಿನ ಮೈಮೇಲೆ ಇನ್ನೂ ನೀಲಿ, ಹಸಿರು, ಹಳದಿ ಹೆಂಚು ಹೊಳೆಯುತ್ತವೆ. ಕಟ್ಟಿಸಿದ ಗವಾನ್ ಕ್ಯಾಸ್ಪಿಯನ್ ದಡದ ಗೀಲಾನ್ ಪ್ರಾಂತದವನು, ವ್ಯಾಪಾರಿಯಾಗಿ ಹಡಗಿನಲ್ಲಿ ದಾಭೋಳಕ್ಕೆ ಬಂದು ಇಳಿದವನು. ಅವನ ಬಿರುದು ಮಲಿಕ್-ಉತ್-ತುಜ್ಜಾರ್, ವರ್ತಕರ ಒಡೆಯ. ದಕ್ಖನ್ನಿನಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಅರಬ್ಬೀ ಕುದುರೆಯಿಲ್ಲದೆ ವಿಜಯನಗರದ ಎದುರು ನಿಲ್ಲಲಾಗದು, ಕುದುರೆ ಬರುವುದು ಹಡಗಿನಲ್ಲಿ. ಕಡಲದಾರಿ ಕೆಟ್ಟರೆ ಬೀದರ್ ಕೆಟ್ಟಿತು ಎಂಬುದು ಅವನಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿದಿರಲಿಲ್ಲ.

ಕೊಂಕಣದ ಖೇಳಣೆ ಮತ್ತು ಸಂಗಮೇಶ್ವರದ ನಾಯಕರು ಕಡಲಿನಲ್ಲಿ ಮುನ್ನೂರು ಹಡಗು ಇಟ್ಟುಕೊಂಡು ವರ್ತಕರನ್ನೂ ಯಾತ್ರಿಕರನ್ನೂ ಸುಲಿಯುತ್ತಿದ್ದರು ಎಂದು ಚರಿತ್ರಕಾರ ಫೆರಿಷ್ತಾ ಬರೆಯುತ್ತಾನೆ. ನಿಕಿತಿನ್ ಕೂಡ ಈ ಕಡಲಿನಲ್ಲಿ ಕಳ್ಳರು ಬಹಳ ಎಂದಿದ್ದಾನೆ. ಗವಾನ್ 1469ರಲ್ಲಿ ಹೊರಟ. ಮಳೆಗಾಲಕ್ಕೆ ಹಿಂದೆ ಸರಿಯುತ್ತ, ಕಾಡು ಕಡಿಯುತ್ತ, ಒಂದೊಂದೇ ಗಿರಿದುರ್ಗ ಹಿಡಿದ. ಖೇಳಣೆ ಎಂದರೆ ಇಂದಿನ ವಿಶಾಲಗಡ. 1472ರ ಫೆಬ್ರವರಿಯಲ್ಲಿ ವಿಜಯನಗರದ ಕೈಯಲ್ಲಿದ್ದ ಗೋವಾ ಕೂಡ ಅವನ ವಶವಾಯಿತು. ನೆಲದ ಮೇಲೆ ದಂಡು, ನೀರಿನ ಮೇಲೆ 120 ಹಡಗು. ಗೆದ್ದು ಬಂದವನ ಮನೆಯಲ್ಲಿ ಸುಲ್ತಾನ ಮೂರನೆಯ ಮುಹಮ್ಮದ್ ಒಂದು ವಾರ ಅತಿಥಿಯಾಗಿದ್ದ. ಅದೇ ಸುಲ್ತಾನ 1481ರ ಏಪ್ರಿಲ್ 5ರಂದು, ಕೊಂಡಪಲ್ಲಿಯಲ್ಲಿ, ಹಗೆಗಳು ಗವಾನನ ಮೊಹರು ಒತ್ತಿಸಿ ಸೃಷ್ಟಿಸಿದ ಖೊಟ್ಟಿ ಪತ್ರವನ್ನು ನಂಬಿ ಅವನ ತಲೆ ತೆಗೆಸಿದ. ಬಹಮನಿ ರಾಜ್ಯ ಕಡಲನ್ನು ಕಳೆದುಕೊಂಡದ್ದು ಆ ದಿನ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಮರುದಿನ ಭಾಲ್ಕಿಗೆ ಹೋದೆ. ಬೀದರಿನಿಂದ ಪಶ್ಚಿಮಕ್ಕೆ, ದಾಭೋಳದ ದಿಕ್ಕಿಗೆ ಹೊರಟವನಿಗೆ ಸಿಗುವ ಮೊದಲ ದೊಡ್ಡ ಊರು. ಎರಡೂ ಬದಿ ತೊಗರಿ, ಸೋಯಾ, ಅಲ್ಲಲ್ಲಿ ಕಬ್ಬು. ನೆಲ ಕೆಂಪು ಬಿಟ್ಟು ಕಪ್ಪಾಗುತ್ತ ಹೋಗುತ್ತದೆ. ಖಾನಾವಳಿಯಲ್ಲಿ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಪಕ್ಕದ ಪಾನ್ ಅಂಗಡಿಯ ಮುಂದೆ ನಿಂತೆ. ಅಂಗಡಿಯ ಕಾಕಾ ಎಲೆಗೆ ಸುಣ್ಣ ಸವರಿ, ಕತ್ತರಿಸಿದ ಅಡಿಕೆ ಉದುರಿಸುತ್ತಿದ್ದರು. ಪಕ್ಕದ ಡಬ್ಬಿಯಲ್ಲಿ ಹುರಿದ ಧನಿಯಾ ಬೇಳೆ.

"ಸುಪಾರಿ ಎಲ್ಲಿದ್ರಿ ಕಾಕಾ?"

"ನಿಮ್ಮ ಕಡೀದೇ ಅದ. ಶಿರಸಿ ಮಾಲು."

ಆಗ ಅವರಿಗೆ ಹೇಳಿದೆ. ಐನೂರು ವರ್ಷದ ಹಿಂದೆ ನಮ್ಮ ಕರಾವಳಿಯ ಕಡೆಯಿಂದ ಅಡಿಕೆ ಹೋಗುವುದು ನಿಂತು, ಗುಜರಾತಿನ ಜನ ಎಲೆಗೆ ಅಡಿಕೆಯ ಬದಲು ಧನಿಯಾ ಕಾಳು ಹಾಕಿ ಅಗಿಯಬೇಕಾಗಿ ಬಂತಂತೆ. ಗುಜರಾತಿನ ಸುಲ್ತಾನರ ಚರಿತ್ರೆ 'ಮಿರಾತ್-ಎ-ಸಿಕಂದರಿ' ಇದನ್ನು ದಾಖಲಿಸಿದೆ. ಕಾಕಾ ಅಡಿಕೆಯ ಡಬ್ಬಿಯನ್ನೂ ಧನಿಯಾ ಡಬ್ಬಿಯನ್ನೂ ನೋಡಿ, "ಯಾಂವ ಮಾಡಿದ್ದ ಇಂಥ ಕೆಲಸ?" ಎಂದರು.

ಮಾಡಿದವನು ಬಹಾದುರ್ ಗೀಲಾನಿ. ಹೆಸರೇ ಹೇಳುವಂತೆ ಅವನೂ ಗವಾನನ ಗೀಲಾನಿನವನೇ. ಗವಾನ್ ಗೋವಾವನ್ನು ಗೆದ್ದು ತನ್ನ ನಂಬಿಕೆಯ ಕಿಶ್ವರ್ ಖಾನನ ಕೈಗಿತ್ತಿದ್ದ. ಅವನ ಪರವಾಗಿ ಗೋವಾ ನೋಡಿಕೊಳ್ಳುತ್ತಿದ್ದ ನಜ್ಮುದ್ದೀನ್ ಗೀಲಾನಿ ತೀರಿಕೊಂಡಾಗ ಕೈಕೆಳಗಿನ ಅಧಿಕಾರಿ ಬಹಾದುರ್ ಊರನ್ನೇ ತನ್ನದಾಗಿಸಿಕೊಂಡ. ದಾಭೋಳ, ಕೊಲ್ಹಾಪುರ, ಪನ್ಹಾಳ, ಮಿರಜ್ ಒಂದೊಂದಾಗಿ ಅವನ ಬುಟ್ಟಿಗೆ ಬಿದ್ದವು. ಗವಾನ್ ಕಡಲ್ಗಳ್ಳರನ್ನು ಅಡಗಿಸಲು ಗೆದ್ದ ಬಂದರುಗಳಿಂದಲೇ ಅವನ ಊರಿನವನು ಹಡಗು ಹಿಡಿಯಲು ಕೂತ. ಗುಜರಾತಿನ ಹಡಗುಗಳು ತುಂಬಿದ ಸರಕಿನೊಂದಿಗೆ ಅವನ ವಶವಾದವು. ಅವನ ಹಬಶಿ ದಳಪತಿ ಯಾಕೂತ್ ಮುಂಬಯಿಯ ಮಾಹೀಮಿನವರೆಗೂ ಹೋಗಿ ಊರನ್ನು ಸುಟ್ಟು ಸೂರೆಗೈದ.

ಯುರೋಪಿನಲ್ಲಿ ಮುಂದಿನ ಶತಮಾನಗಳಲ್ಲಿ ಮೆರೆದ ಪ್ರೈವೇಟಿಯರುಗಳು ದೊರೆಯ ಪರವಾನಗಿ ಜೇಬಿನಲ್ಲಿಟ್ಟುಕೊಂಡು ವೈರಿಯ ವರ್ತಕ ಹಡಗುಗಳನ್ನು ಹಿಡಿದವರು. ಬಹಾದುರನ ಬಳಿ ಅಂಥ ಕಾಗದವಿರಲಿಲ್ಲ. ಆದರೂ ಬರೀ ಕಳ್ಳನೆನ್ನಲು ಬರುವುದಿಲ್ಲ. ಲೆಕ್ಕಕ್ಕೆ ಅವನು ಬಹಮನಿ ರಾಜ್ಯದ ಸರದಾರ. ಹಾಗಾಗಿಯೇ ಅವನು ಮಾಡಿದ್ದಕ್ಕೆ ಉತ್ತರ ಕೊಡಬೇಕಾದದ್ದು ಬೀದರ್.

ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾ ಮೊದಲು ತನ್ನ ಬಲವನ್ನೇ ನೆಚ್ಚಿದ. ಕಡಲಿನ ಮೇಲೆ ಸಫ್ದರ್-ಉಲ್-ಮುಲ್ಕ್, ನೆಲದ ಮೇಲೆ ಕಿವಾಮ್-ಉಲ್-ಮುಲ್ಕ್. ಮಾಹೀಮಿನ ಹತ್ತಿರ ಬಿರುಗಾಳಿ ಎದ್ದು ಹಡಗುಪಡೆ ಚೆಲ್ಲಾಪಿಲ್ಲಿಯಾಯಿತು. ದಡ ಸೇರಿದವರನ್ನು ಬಹಾದುರನ ಜನ ಕಾದು ಕುಳಿತು ಕಡಿದರು. ಸಫ್ದರ್ ಸೆರೆಯಾದ. ನೆಲದ ದಂಡು ಮುಂದೆ ಹೋಗಬೇಕಾದರೆ ಬಹಮನಿ ಸೀಮೆಯನ್ನು ತುಳಿಯಬೇಕು. ಬೇಗಡಾ ಅಲ್ಲಿ ತಡೆದು ನಿಂತು ಬೀದರಿಗೆ ರಾಯಭಾರಿ ಕಳಿಸಿದ.

ಆ ರಾಯಭಾರದ ಹಿಂದೆ ಒಂದು ಹಳೆಯ ಋಣವಿತ್ತು. 1462ರಲ್ಲಿ ಮಾಳವದ ಮಹಮೂದ್ ಖಿಲ್ಜಿ ಬೀದರ್ ಪಟ್ಟಣವನ್ನು ಹಿಡಿದು ಕೋಟೆಗೆ ಮುತ್ತಿಗೆ ಹಾಕಿದ್ದ. ಪಟ್ಟದಲ್ಲಿದ್ದವನು ಪುಟ್ಟ ಬಾಲಕ ನಿಜಾಮ್ ಶಾ. ರಾಜಮಾತೆ ಮಖ್ದೂಮಾ-ಎ-ಜಹಾನ್ ಗುಜರಾತಿಗೆ ಓಲೆ ಕಳಿಸಿದಳು. ಆಗಿನ್ನೂ ಮೀಸೆ ಮೂಡುತ್ತಿದ್ದ ಇದೇ ಬೇಗಡಾ ದಂಡು ತಂದು ಖಿಲ್ಜಿಯನ್ನು ಹಿಮ್ಮೆಟ್ಟಿಸಿದ. ಬೀದರ್ ಕೋಟೆ ಅವತ್ತು ಉಳಿದದ್ದು ಗುಜರಾತಿನ ಕುದುರೆಗಳಿಂದ. ಮೂವತ್ತು ವರ್ಷದ ಮೇಲೆ ಅದೇ ಗುಜರಾತ್ ತನ್ನ ಹಡಗುಗಳನ್ನು ಕೇಳಿತು.

ಮಹಮೂದ್ ಶಾ ಆ ಹೊತ್ತಿಗೆ ಹೆಸರಿಗಷ್ಟೇ ದೊರೆ. ಅರಮನೆಯೊಳಗೆ ಮಂತ್ರಿ ಕಾಸಿಂ ಬರೀದನ ಮಾತೇ ಮಾತು. ಬಿಜಾಪುರದಲ್ಲಿ ಯೂಸುಫ್ ಆದಿಲ್ ಖಾನ್, ಜುನ್ನರಿನಲ್ಲಿ ಅಹ್ಮದ್ ನಿಜಾಮ್ ತಮ್ಮ ತಮ್ಮ ಪಾಡಿಗೆ ಅರಸರಾಗಿದ್ದರು. ಅಂಥವರೂ ಈ ಒಂದು ಕೆಲಸಕ್ಕೆ ದಂಡು ಕಳಿಸಿದರು. ಕಡಲದಾರಿ ಕೆಟ್ಟರೆ ತಮಗೂ ಕುದುರೆಯಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಜಮಖಂಡಿಯ ಕಾಳಗದಲ್ಲಿ ಕುತುಬ್-ಉಲ್-ಮುಲ್ಕ್ ದಖನಿ ಎಂಬ ಹಿರಿಯ ಸರದಾರ ಮಡಿದ. ಅವನ ಬಿರುದು ಸುಲ್ತಾನ್ ಕುಲಿ ಎಂಬ ತರುಣನಿಗೆ ಬಂತು. ಮುಂದೆ ಗೋಲ್ಕೊಂಡದಲ್ಲಿ ರಾಜವಂಶ ಸ್ಥಾಪಿಸಿದವನು ಅವನೇ. ಕುತುಬ್ ಶಾಹಿ ಎಂಬ ಹೆಸರು ಹುಟ್ಟಿದ್ದು ಈ ಹಡಗುಗಳ ಯುದ್ಧದಲ್ಲಿ. ಹೈದರಾಬಾದಿಗೆ ಹೋಗಿ ಗೋಲ್ಕೊಂಡ ನೋಡಿಬರುವ ನಮ್ಮ ಜನ ಇದನ್ನೂ ನೆನಪಿಡಲಿ.

ಸೋಲುತ್ತ ಬಂದ ಬಹಾದುರನಿಗೆ ಸುಲ್ತಾನ ಕ್ಷಮೆ ಕೊಡಲು ಸಿದ್ಧನಿದ್ದ. ಹಡಗು ಮತ್ತು ಸೆರೆಯವರನ್ನು ಒಪ್ಪಿಸಿ ಶರಣಾದರೆ ಪ್ರಾಣ ಉಳಿಯುತ್ತಿತ್ತು. ಅವನು ಅದನ್ನು ಬೀದರಿನ ಬಲಹೀನತೆ ಎಂದು ಎಣಿಸಿದ. 1494ರಲ್ಲಿ, ಪನ್ಹಾಳ–ಕೊಲ್ಹಾಪುರದ ಸೀಮೆಯಲ್ಲಿ, ಬಾಣ ತಗುಲಿ ಸತ್ತ. ಸುಲ್ತಾನ ಗೆದ್ದ ಮೇಲೆ ದಾಭೋಳಕ್ಕೆ ಇಳಿದು, ದೋಣಿ ಹತ್ತಿ ಕರಾವಳಿಯುದ್ದಕ್ಕೂ ವಿಹರಿಸಿ ಬಂದ ಎನ್ನುತ್ತಾನೆ ಫೆರಿಷ್ತಾ. ಕಪ್ಪು ಮಣ್ಣಿನ ಸೀಮೆಯಲ್ಲಿ ಹುಟ್ಟಿ, ಅರಮನೆಯ ಒಳಜಗಳಗಳಲ್ಲೇ ಇಪ್ಪತ್ತೈದರ ಹೊಸ್ತಿಲಿಗೆ ಬಂದ ಆ ದೊರೆ ಮೊದಲ ಸಲ ತೆರೆಗಳ ಮುಂದೆ ನಿಂತದ್ದನ್ನು ಕಡಲ ದಂಡೆಯವನಾದ ನಾನು ಮತ್ತೆ ಮತ್ತೆ ಊಹಿಸಿಕೊಳ್ಳುತ್ತೇನೆ.

ಹಡಗುಗಳನ್ನು ಸರಕಿನ ಸಮೇತ ಗುಜರಾತಿಗೆ ಒಪ್ಪಿಸಲಾಯಿತು. ಸಫ್ದರ್ ಸೆರೆ ಬಿಟ್ಟು ಊರಿಗೆ ಹೋದ. ಮೇಲೆ ಬೇಗಡಾನಿಗೆ ಬೀದರಿನಿಂದ ಉಡುಗೊರೆಗಳು. ಇದರ ತೂಕ ತಿಳಿಯಬೇಕಾದರೆ ಯುರೋಪಿನ ಕಾನೂನನ್ನು ಪಕ್ಕದಲ್ಲಿಟ್ಟು ನೋಡಬೇಕು. ಫ್ರಾನ್ಸಿನ 1681ರ ನೌಕಾ ಶಾಸನದ ಪ್ರಕಾರ, ವೈರಿ ಹಿಡಿದ ಹಡಗನ್ನು 24 ಗಂಟೆಯೊಳಗೆ ಮರಳಿ ಹಿಡಿದರೆ ಒಡೆಯನಿಗೆ ಸಿಗುತ್ತದೆ, ಆದರೆ ಬೆಲೆಯ ಮೂರರಲ್ಲಿ ಒಂದು ಪಾಲು ಬಿಡಿಸಿದವನಿಗೆ. 24 ಗಂಟೆ ದಾಟಿದರೆ ಪೂರಾ ಹಡಗು ಬಿಡಿಸಿದವನದೇ, ಒಡೆಯನಿಗೆ ಕಾಸೂ ಇಲ್ಲ. ಇಂಗ್ಲೆಂಡಿನಲ್ಲಿ ಒಡೆಯನ ಹಕ್ಕು ಉಳಿಯುತ್ತಿತ್ತು, ಬಿಡಿಸಿದವನಿಗೆ ಸಾಲ್ವೇಜ್ ಎಂದು ಒಂದು ಪಾಲು ತೆರಬೇಕಿತ್ತು. ಯುರೋಪಿನ ವರ್ತಕ ಕಳ್ಳನಿಗೆ ಹೆದರುವಷ್ಟೇ ಬಿಡಿಸುವವನಿಗೂ ಹೆದರಬೇಕಿತ್ತು. ಅಂಥ ಶಾಸನಕ್ಕೆ ಹತ್ತಿರಹತ್ತಿರ ಇನ್ನೂರು ವರ್ಷ ಮುಂಚೆ, ತಿಂಗಳುಗಟ್ಟಲೆ ಕಳ್ಳನ ಕೈಯಲ್ಲಿದ್ದ ಹಡಗುಗಳನ್ನು ಬೀದರ್ ಪಾಲು ಕೇಳದೆ ಮರಳಿಸಿತು. ಋಣವಿತ್ತು, ಗುಜರಾತಿನ ಭಯವೂ ಇತ್ತು, ಒಪ್ಪುತ್ತೇನೆ. ಆದರೂ ಕೊಟ್ಟದ್ದು ಕೊಟ್ಟದ್ದೇ.

ಭಾಲ್ಕಿಯಿಂದ ಔರಾದಿನ ಬಸ್ಸು. ಕಿಟಕಿಯಾಚೆ ಮರಾಠಿ ಫಲಕ, ಕನ್ನಡ ಫಲಕ, ಮತ್ತೆ ಮರಾಠಿ. ಪಕ್ಕದ ಸೀಟಿನ ಅಜ್ಜಿ ಮಗಳೊಂದಿಗೆ ಕನ್ನಡದಲ್ಲಿ, ಕಂಡಕ್ಟರ್ ಜೊತೆ ದಖನಿಯಲ್ಲಿ, ಫೋನಿನಲ್ಲಿ ಮರಾಠಿಯಲ್ಲಿ ಮಾತಾಡಿದರು. ಔರಾದಿನಲ್ಲಿ ಅಮರೇಶ್ವರನ ಗುಡಿಗೆ ಕೈಮುಗಿದು ಹೊರಬಂದರೆ ದಾರಿಯಲ್ಲಿ ಒಂದು ಜೋಡಿ ದೇವಣಿ ಎತ್ತು. ಬಿಳಿ ಮೈಮೇಲೆ ಕಪ್ಪು ಮಚ್ಚೆ, ಜೋಲುಕಿವಿ, ಅಗಲ ಹಣೆ. ತಳಿಗೆ ಹೆಸರು ಕೊಟ್ಟ ದೇವಣಿ ಊರು ಇಲ್ಲಿಂದ ಗಡಿ ದಾಟಿದರೆ ಲಾತೂರ್ ಜಿಲ್ಲೆಯಲ್ಲಿದೆ. ಒಡೆಯರು ಎತ್ತಿನ ಬೆನ್ನು ಸವರುತ್ತ, "ಇವಕ್ಕ ಎಷ್ಟು ಕೊಟ್ಟರೂ ಕೊಡಂಗಿಲ್ಲರಿ" ಎಂದರು.

ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ, ಜನ ಅವುಗಳ ಮೇಲೇ ಸರಕು ಹೇರುತ್ತಾರೆ ಎಂದು ನಿಕಿತಿನ್ ಬರೆದದ್ದು ಇಂಥ ಎತ್ತುಗಳನ್ನು ನೋಡಿಯೇ ಇರಬೇಕು. ಬೀದರಿನ ಹತ್ತಿರದ ಆಳಂದದಲ್ಲಿ ಶೇಖ್ ಅಲಾವುದ್ದೀನನ ಹೆಸರಿನಲ್ಲಿ ಹತ್ತು ದಿನ ಜಾತ್ರೆ ನಡೆಯುತ್ತದೆ, ಮಾರಾಟಕ್ಕೆ ಇಪ್ಪತ್ತು ಸಾವಿರ ಕುದುರೆ ಬರುತ್ತವೆ ಎಂದೂ ಅವನು ಹೇಳುತ್ತಾನೆ. ಸಂಖ್ಯೆಯಲ್ಲಿ ಅರ್ಧ ಕಳೆದರೂ ಎಷ್ಟು ಹಡಗಿನ ಹೊರೆ! ಹೊರ್ಮುಜ್‌ನಿಂದ ಚೌಲ್‌ಗೆ ಕುದುರೆಗಳ ಜೊತೆ ಬಂದ ನಿಕಿತಿನ್ನನ ಪಯಣಕ್ಕೆ ಆರು ವಾರ ಹಿಡಿದಿತ್ತು. ಆರು ವಾರ ಅಲೆಯ ಮೇಲೆ ನಿಂತು ಬಂದ ಕುದುರೆಯನ್ನು ಘಟ್ಟ ಹತ್ತಿಸಿ ಇಲ್ಲಿಯವರೆಗೆ ನಡೆಸಬೇಕಿತ್ತು. ಅಂಥ ಒಂದು ಹಡಗನ್ನು ಹಿಡಿದವನು ಒಂದು ಕುದುರೆದಳವನ್ನೇ ಹಿಡಿದಂತೆ.

ನಮ್ಮ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ತಿಮೋಜಿ, ಇದನ್ನೇ ಕಸುಬು ಮಾಡಿಕೊಂಡಿದ್ದ. ಗೋವಾದ ಕಡೆ ಹೋಗುವ ಕುದುರೆ ಹಡಗುಗಳನ್ನು ಅಡ್ಡಗಟ್ಟಿ ವಿಜಯನಗರದ ಬಂದರುಗಳಿಗೆ ತಿರುಗಿಸುವುದು ಅವನ ಕೆಲಸ. ಅದರ ಹಿಂದೆ ವಿಜಯನಗರದ ದೊರೆಯ ಒಪ್ಪಿಗೆಯಿತ್ತು. ಪ್ರೈವೇಟಿಯರ್ ಎಂಬ ಮಾತಿಗೆ ಕನ್ನಡ ನಾಡಿನಲ್ಲಿ ಸರಿಯಾದ ಉದಾಹರಣೆ ಅವನೇ. 1510ರಲ್ಲಿ ಪೋರ್ಚುಗೀಸ್ ದಳಪತಿ ಅಲ್ಬುಕರ್ಕನನ್ನು ಗೋವಾದ ಮೇಲೆ ತಿರುಗಿಸಿದವನೂ ಅವನೇ. ಪೋರ್ಚುಗೀಸರು ಆ ವರ್ಷದ ಮೊದಲಿಗೆ ಗೋವಾ ಹಿಡಿದರು, ಮೇ ತಿಂಗಳಲ್ಲಿ ಬಿಜಾಪುರದ ಆದಿಲ್ ಶಾಹಿ ದಂಡು ಮರಳಿ ಕಿತ್ತುಕೊಂಡಿತು, ನವೆಂಬರ್ 25ರಂದು ಪೋರ್ಚುಗೀಸರು ಮತ್ತೆ ಹಿಡಿದರು. ಆಮೇಲೆ 450 ವರ್ಷ ಬಿಡಲಿಲ್ಲ. ಅವರ 'ಕರ್ತಾಸ್' ಎಂಬ ಪರವಾನಗಿ ಚೀಟಿಯಿಲ್ಲದ ಹಡಗು ಕಂಡಲ್ಲಿ ಸೂರೆ. ಹಿಡಿಯುವವನೂ ಬಿಡುವವನೂ ಒಬ್ಬನೇ ಆದ ಮೇಲೆ ವರ್ತಕ ಯಾವ ಬಾಗಿಲಿಗೆ ಹೋಗಬೇಕು?

ಬೀದರಿಗೆ ಮರಳಿ ಅಷ್ಟೂರಿಗೆ ಹೋದೆ. ಬಹಮನಿ ಸುಲ್ತಾನರ ಗೋರಿಗಳ ಸಾಲು. ಸಿಡಿಲು ಬಡಿದು ಅರ್ಧ ಗುಮ್ಮಟ ಕಳಚಿಬಿದ್ದ ಹುಮಾಯೂನನ ಗೋರಿಯ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಮಹಮೂದ್ ಶಾನ ಗೋರಿಯ ಮುಂದೆ ಯಾರೂ ನಿಲ್ಲುವುದಿಲ್ಲ. ಅವನು ಸತ್ತದ್ದು 1518ರಲ್ಲಿ. ಗೋವಾ ಪೋರ್ಚುಗೀಸರ ಪಾಲಾದ ದಿನವೂ ಹೆಸರಿಗೆ ಅವನೇ ದಕ್ಖನ್ನಿನ ಸುಲ್ತಾನ. ಬೇಗಡಾನ ಹಡಗುಗಳನ್ನು ಬಿಡಿಸಿಕೊಟ್ಟ ಕೈ ಆಗ ಏನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ಕಾಸಿಂ ಬರೀದನ ಮಗ ಅಮೀರ್ ಬರೀದನ ಹಿಡಿತದಲ್ಲಿ ಅವನು ತನ್ನ ಕೋಟೆಯಲ್ಲೇ ಕೈದಿ.

ಬೀದರಿಗೆ ಹೋಗುವವರು ಕೋಟೆಯೊಳಗಿನ ರಂಗೀನ್ ಮಹಲನ್ನು ಬಿಡಬೇಡಿ. ಹೆಚ್ಚಾಗಿ ಬೀಗ ಹಾಕಿರುತ್ತಾರೆ. ಕೋಟೆಯ ವಸ್ತುಸಂಗ್ರಹಾಲಯದಲ್ಲಿ ವಿನಯದಿಂದ ಕೇಳಿದರೆ ಬಾಗಿಲು ತೆರೆದು ತೋರಿಸುತ್ತಾರೆ. ಮುಂದೆ ಕಾಸಿಂ ಬರೀದನ ವಂಶದ ಬರೀದ್ ಶಾಹಿಗಳ ಕಾಲದಲ್ಲಿ ಅಲಿ ಬರೀದ್ ಮಾಡಿಸಿದ ಆ ಕೋಣೆಯಲ್ಲಿ ಎಣ್ಣೆಗಪ್ಪು ಕಲ್ಲನ್ನು ಕೊರೆದು, ಬಳ್ಳಿಯ ಎಲೆಯೆಲೆಯಲ್ಲೂ ಉಗುರಿನಷ್ಟಗಲದ ಮುತ್ತಿನಚಿಪ್ಪಿನ ಚೂರು ಕೂರಿಸಿದ್ದಾರೆ. ಮೊಬೈಲಿನ ಬೆಳಕು ಹಾಯಿಸಬೇಡಿ. ಬಾಗಿಲಿನಿಂದ ಬರುವ ಬೆಳಕಿಗೆ ಎರಡು ಹೆಜ್ಜೆ ಅತ್ತಿತ್ತ ಸರಿದು ನೋಡಿ, ಬಿಳಿ ಚೂರು ಗುಲಾಬಿಗೆ, ಗುಲಾಬಿ ಹಸಿರಿಗೆ ತಿರುಗುತ್ತದೆ. ಜೊತೆಗೆ ಮಕ್ಕಳಿದ್ದರೆ ಒಂದು ಮಾತು ತಪ್ಪದೆ ಹೇಳಿ: ಇದು ಕಡಲಿನಿಂದ ಬಂದದ್ದು, ಕಡಲಿನ ಸರಕು ಸುರಕ್ಷಿತವಾಗಿ ಬರಲಿ ಎಂದು ಈ ಊರು ಒಮ್ಮೆ ಯುದ್ಧ ಮಾಡಿತ್ತು.